ಈಜು ಬಾರದ ಅಕ್ಕ, ಈಜು ಬಲ್ಲ ಹುಡುಗ: ಒಂದೇ ರಾಫ್ಟ್‌ನಿಂದ ಬಿದ್ದ ಇಬ್ಬರ ಪ್ರಕರಣ

ನನ್ನ ಅಕ್ಕನಿಗೆ ಈಜು ಬರುವುದಿಲ್ಲ. ಅವಳ ಮಗ ಕಾಲೇಜಿನ ಈಜು ತಂಡದಲ್ಲಿದ್ದಾನೆ. ಇಬ್ಬರೂ ಒಂದೇ ರಾಫ್ಟ್‌ನಿಂದ, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಿಂದ, ಒಂದೇ ಅಲೆಗೆ ನೀರಿಗೆ ಬಿದ್ದರು. ಅಕ್ಕ ಅರ್ಧ ನಿಮಿಷದೊಳಗೆ ರಾಫ್ಟ್‌ಗೆ ವಾಪಸ್ ಬಂದಳು. ಹುಡುಗನ ಕಾಲು ತೊಡೆಮಟ್ಟದ ನೀರಿನಲ್ಲಿ, ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ನಾನು ಅದೇ ರಾಫ್ಟ್‌ನಲ್ಲಿ ಮುಂದೆ ಎಡಗಡೆ ಕೂತಿದ್ದೆ. ಎಲ್ಲವೂ ನನ್ನ ಕಣ್ಣೆದುರೇ ನಡೆಯಿತು.

ರಾಫ್ಟಿಂಗ್ ಬಗ್ಗೆ ಮಾತು ಬಂದಾಗಲೆಲ್ಲ ಜನ ಮೊದಲು ಕೇಳುವುದು ಒಂದೇ: ಈಜು ಬರದಿದ್ದರೆ ಹೋಗಬಹುದಾ? ನಾವು ಸಹಿ ಹಾಕಿದ ಫಾರಂನಲ್ಲೂ ಅದೇ ಇತ್ತು. ಈಜು ಬರುತ್ತದೆಯೇ, ಹೌದು ಅಥವಾ ಇಲ್ಲ. ಅಕ್ಕ 'ಇಲ್ಲ' ಎಂದು ಗುರುತು ಹಾಕುವಾಗ ಅವಳ ಮುಖ ಸಣ್ಣಗಾಗಿತ್ತು. ಹುಡುಗ ನೋಡದೆಯೇ 'ಹೌದು' ಎಂದು ಹಾಕಿದ. ಆ ಪ್ರಶ್ನೆಯೇ ತಪ್ಪು ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ನದಿ

ಅದು ಉಷ್ಣವಲಯದ ಮಳೆನದಿ. ಎರಡೂ ಕಡೆ ದಟ್ಟ ಕಾಡು, ನೀರು ಬೆಚ್ಚಗೆ. ಹಿಮ ಕರಗಿ ಹರಿಯುವ ನದಿಗೆ ಬಿದ್ದರೆ ಮೊದಲ ಹೊಡೆತ ಚಳಿಯದ್ದು. ಉಸಿರು ಕಟ್ಟುತ್ತದೆ, ಕೈಕಾಲು ಸೆಟೆಯುತ್ತವೆ. ಇಲ್ಲಿ ಆ ಭಯವಿಲ್ಲ. ಟೀ ಶರ್ಟಿನಲ್ಲೇ ಹೋಗಬಹುದು. ಆದರೆ ಬೆಚ್ಚಗಿನ ನೀರಿಗೆ ಇಳಿದ ಕೂಡಲೇ ಮನಸ್ಸು ಈಜುಕೊಳವನ್ನು ನೆನೆಯುತ್ತದೆ. ಹುಡುಗನಿಗೆ ಆಗಿದ್ದೂ ಅದೇ ಅನ್ನಿಸುತ್ತದೆ.

ಇಂಥ ನದಿಯ ನಿಜವಾದ ಗುಣ ಅದರ ಮಳೆಯಲ್ಲಿದೆ. ನಾವು ಇಳಿದ ಜಾಗದಲ್ಲಿ ಬಿಸಿಲಿತ್ತು. ಹಿಂದಿನ ಸಂಜೆ ಮೇಲಿನ ಗುಡ್ಡಗಳಲ್ಲಿ ಮಳೆ ಸುರಿದಿತ್ತು. ಉಷ್ಣವಲಯದಲ್ಲಿ ದಿನವಿಡೀ ಕಾದ ನೆಲದಿಂದ ಎದ್ದ ಮೋಡ ಮಧ್ಯಾಹ್ನದ ಮೇಲೆ ಒಮ್ಮೆಲೇ ಸುರಿಯುವುದು ಜಾಸ್ತಿ. ಅದಕ್ಕೇ ಗೈಡ್‌ಗಳು ಬೆಳಗ್ಗೆ ಬೇಗ ಹೊರಡಲು ನೋಡುತ್ತಾರೆ. ನೀರಿನ ಮಟ್ಟ ನೋಡಲು ದಡದ ಬಂಡೆಯೊಂದಕ್ಕೆ ಬಿಳಿ ಬಣ್ಣದ ಗೆರೆ ಎಳೆದಿದ್ದರು. ನೀರು ಆ ಗೆರೆಯನ್ನು ದಾಟಿ ಒಂದು ಗೇಣು ಮೇಲಿತ್ತು. ಬಣ್ಣ ಕೆಂಪು ಮಣ್ಣಿನದು. ತಳ ಕಾಣುತ್ತಿರಲಿಲ್ಲ.

ಗೈಡ್ ಆ ಗೆರೆಯನ್ನು ತುಂಬಾ ಹೊತ್ತು ನೋಡಿದ. ಬೇರೆ ಗೈಡ್‌ಗಳ ಹತ್ತಿರ ಮಾತಾಡಿದ. ಆಮೇಲೆ ಹೋಗೋಣ ಅಂದ. ಆ ತೀರ್ಮಾನ ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ನದಿಗಳನ್ನು ಗ್ರೇಡ್ 1ರಿಂದ 6ರವರೆಗೆ ಅಳೆಯುತ್ತಾರೆ. 1 ಅಂದರೆ ಸಣ್ಣ ಅಲೆ, 6 ಅಂದರೆ ಸಾಮಾನ್ಯವಾಗಿ ಯಾರೂ ಇಳಿಯಬಾರದ್ದು. ನಮ್ಮದು 2 ಮತ್ತು 3 ಅಂತ ಬರೆದಿತ್ತು. ಆದರೆ ಆ ಅಂಕಿ ಬಂಡೆಯ ಮೇಲೆ ಕೆತ್ತಿದ್ದಲ್ಲ. ನೀರು ಏರಿದ ಹಾಗೆ ಬದಲಾಗುತ್ತದೆ. ಕೆಲವು ಕಡೆ ಬಂಡೆಗಳು ಮುಳುಗಿ ದಾರಿ ಸಲೀಸಾಗುತ್ತದೆ, ಕೆಲವು ಕಡೆ ಹೊಸ ಸುಳಿ ಹುಟ್ಟುತ್ತದೆ. ವಿಕ್ಟೋರಿಯಾ ಜಲಪಾತದ ಕೆಳಗೆ ಜಾಂಬೆಜಿ ನದಿಯಲ್ಲಿ ನೀರು ಇಳಿದ ತಿಂಗಳುಗಳಲ್ಲಿ ಮೊದಲ ರ‍್ಯಾಪಿಡ್‌ನಿಂದಲೇ ರಾಫ್ಟ್ ಇಳಿಸುತ್ತಾರೆ. (ಬಂಡೆಗಳ ನಡುವೆ ನೀರು ರಭಸವಾಗಿ ನೊರೆಯೆದ್ದು ಹರಿಯುವ ಕಡೆಗೆ ರ‍್ಯಾಪಿಡ್ ಅನ್ನುತ್ತಾರೆ.) ನೀರು ಏರಿದಾಗ ಅದೇ ರ‍್ಯಾಪಿಡ್‌ಗಳನ್ನು ಬಿಟ್ಟು ಕೆಳಗಿನಿಂದ ಶುರು ಮಾಡುತ್ತಾರೆ. ಆಸ್ಟ್ರೇಲಿಯಾದ ಟಲ್ಲಿ ನದಿಯ ಹಾಗೆ ಮೇಲಿನ ಜಲವಿದ್ಯುತ್ ಕೇಂದ್ರದಿಂದ ನೀರು ಬಿಡುವ ಕಡೆ ಮಟ್ಟವನ್ನು ಒಂದಷ್ಟು ಮೊದಲೇ ಅಂದಾಜು ಮಾಡಬಹುದು. ನಮ್ಮ ನದಿಗೆ ಅಂಥ ಕಡಿವಾಣ ಇರಲಿಲ್ಲ.

ಮಡುವಿನ ಪಾಠ

ರಾಫ್ಟ್‌ನಲ್ಲಿ ನಾವು ಆರು ಜನ, ಹಿಂದೆ ಗೈಡ್. ಬಲಗಡೆ ಮುಂದೆ ಹುಡುಗ, ಅವನ ಹಿಂದೆ ಅಕ್ಕ, ಅವಳ ಹಿಂದೆ ನಮಗೆ ಪರಿಚಯವಿಲ್ಲದ ಒಬ್ಬರು. ಎಡಗಡೆ ಮುಂದೆ ನಾನು, ನನ್ನ ಹಿಂದೆ ಒಂದು ಜೋಡಿ. ಆರೂ ಜನಕ್ಕೆ ಇದು ಮೊದಲ ಸಲ.

ಮೊದಲ ರ‍್ಯಾಪಿಡ್‌ಗೂ ಮುಂಚೆ ಅಗಲವಾದ ಮಡುವೊಂದಿತ್ತು. ನೀರು ನಿಂತ ಹಾಗೇ ಇತ್ತು. ಗೈಡ್ ಅಲ್ಲಿ ರಾಫ್ಟ್ ನಿಲ್ಲಿಸಿ, ಒಬ್ಬೊಬ್ಬರೇ ನೀರಿಗೆ ಹಾರಿ ಅಂದ. ಹಾರುವ ಮೊದಲು ಪ್ರತಿಯೊಬ್ಬರ ಲೈಫ್ ಜಾಕೆಟ್‌ನ ಭುಜದ ಪಟ್ಟಿ ಹಿಡಿದು ಮೇಲೆತ್ತಿ ನೋಡಿದ. ಜಾಕೆಟ್ ಕಿವಿಯವರೆಗೆ ಜಾರಿದರೆ ಸಡಿಲ ಅಂತ ಅರ್ಥ. ಅಕ್ಕನದನ್ನು ಎರಡು ಸಲ ಬಿಗಿ ಮಾಡಿದ. ಅಕ್ಕ ಉಸಿರಾಡೋಕೆ ಆಗ್ತಿಲ್ಲ ಅಂದಳು. ಮಾತಾಡೋಕೆ ಆಗ್ತಿದೆ ಅಂದ್ರೆ ಸರಿಯಾಗಿದೆ ಅಂತ ಅವನು ಹೇಳಿದ.

ಅವನು ಕಲಿಸಿದ್ದು ನಾಲ್ಕು ವಿಷಯ. ಬಿದ್ದರೆ ಬೆನ್ನ ಮೇಲೆ ಮಲಗಬೇಕು, ಕಾಲು ನೀರು ಹರಿಯುವ ಕಡೆಗೆ, ಕಾಲಿನ ಹೆಬ್ಬೆರಳು ನೀರಿನ ಮೇಲೆ ಕಾಣಬೇಕು. ಹಗ್ಗ ಎಸೆದರೆ ಹಗ್ಗವನ್ನೇ ಹಿಡಿಯಬೇಕು, ಅದನ್ನು ತುಂಬಿಟ್ಟ ಚೀಲವನ್ನಲ್ಲ, ಕೈಗೆ ಸುತ್ತಿಕೊಳ್ಳಬಾರದು. ಕೈಯಲ್ಲಿರುವ ಪ್ಯಾಡಲ್, ಅಂದರೆ ಹುಟ್ಟು, ಬಿಡಬಾರದು. ಕೊನೆಯದು: ಬೆನ್ನೋ ಕೈಯೋ ತಳಕ್ಕೆ ತಾಗುವಷ್ಟು ನೀರು ಕಮ್ಮಿಯಾಗುವ ತನಕ ಎದ್ದು ನಿಲ್ಲಬಾರದು.

ಇದಕ್ಕೆ ಒಂದು ಅಪವಾದವನ್ನೂ ಹೇಳಿದ. ನಮ್ಮ ಸಂದರ್ಭಕ್ಕೆ ಅದು ಬೇಕಾಗಲಿಲ್ಲ, ಆದರೂ ಬಿಡುವ ಹಾಗಿಲ್ಲ. ಕಾಡಿನ ನದಿಯಲ್ಲಿ ಮಳೆಗೆ ಉರುಳಿದ ಮರಗಳು ಅಡ್ಡ ಬಿದ್ದಿರುತ್ತವೆ. ಕೊಂಬೆಗಳ ನಡುವೆ ನೀರು ಸೋಸಿ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ಅಂಥ ಮರದಿಂದ ದೂರಕ್ಕೆ ಜೋರಾಗಿ ಈಜಬೇಕು. ತಪ್ಪಿಸಿಕೊಳ್ಳಲು ಆಗದಿದ್ದರೆ ಹೊಟ್ಟೆಯ ಮೇಲೆ ತಿರುಗಿ, ತಲೆ ಮುಂದೆ ಮಾಡಿ, ಮರದ ಮೇಲಕ್ಕೆ ಹತ್ತಬೇಕು. ಕಾಲು ಮುಂದಿಟ್ಟು ಹೋದರೆ ಮರದ ಕೆಳಗೆ ಸೇರಿಬಿಡುತ್ತೇವೆ.

ಅಕ್ಕ ಮೊದಲ ಸಲ ಹಾರಿದಾಗ ಕಿರುಚಿದಳು, ನೀರು ಕುಡಿದಳು. ಜಾಕೆಟ್ ಅವಳನ್ನು ಬೆಂಡಿನ ಹಾಗೆ ಮೇಲಕ್ಕೆ ತಂದಿತು. ನೀರಿನಲ್ಲಿ ದೊಡ್ಡವರ ಭಾರ ನಾಲ್ಕೈದು ಕಿಲೋದಷ್ಟೇ. ಸಾಮಾನ್ಯ ಜಾಕೆಟ್ ಸುಮಾರು 7 ಕಿಲೋ ಎತ್ತುತ್ತದೆ. ಅದನ್ನು ಹೇಳಿದರೆ ಅಕ್ಕ ನಂಬುತ್ತಿರಲಿಲ್ಲ. ಬಿದ್ದು ನೋಡಿದ ಮೇಲೆ ನಂಬಿದಳು. ಇನ್ನೊಂದು ಸಲ ಅಂದಳು. ಮತ್ತೊಂದು ಸಲ ಅಂದಳು. ಮೂರನೇ ಸಲ ಹಗ್ಗ ಹಿಡಿದು, ಎದೆಗೆ ಒತ್ತಿಕೊಂಡು, ಬೆನ್ನ ಮೇಲೆ ತೇಲುತ್ತಾ ಬಂದಳು.

ಹುಡುಗ ಒಂದು ಸಲ ಹಾರಿದ. ನಾಲ್ಕು ಕೈ ಬೀಸಿ ಈಜಿ, ತಾನೇ ರಾಫ್ಟ್ ಹತ್ತಿದ. ಬೆನ್ನ ಮೇಲೆ ತೇಲಲೇ ಇಲ್ಲ. ಗೈಡ್ ಇನ್ನೊಂದು ಸಲ ಅಂದಾಗ "ನಂಗೆ ಈಜು ಬರುತ್ತೆ ಬಿಡಿ" ಅಂದ. ಹಿಂದಿನ ರಾಫ್ಟ್ ಕಾಯುತ್ತಿತ್ತು. ಹೊತ್ತಾಗುತ್ತಿತ್ತು. ಗೈಡ್ ಬಿಟ್ಟುಬಿಟ್ಟ. ನಾನೂ ಹೆಮ್ಮೆಯಿಂದ ನಕ್ಕೆ. ಅವನ ಈಜು ನೋಡಲು ಅಷ್ಟು ಚೆನ್ನಾಗಿತ್ತು.

ಮೂರನೇ ರ‍್ಯಾಪಿಡ್

ಮೊದಲ ಎರಡು ರ‍್ಯಾಪಿಡ್‌ಗಳಲ್ಲಿ ಬರೀ ಸಂತೋಷ. ಅಲೆಯ ಮೇಲೆ ಏರುವುದು, ದಬ್ಬಂತ ಇಳಿಯುವುದು, ಮುಖಕ್ಕೆ ನೀರು ರಾಚುವುದು. ಅಕ್ಕ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ನಮ್ಮ ಚಿಕ್ಕಂದಿನ ಮೇಲೆ ನೋಡಿರಲೇ ಇಲ್ಲ. ಅದನ್ನೂ ಇಲ್ಲಿ ಬರೆದಿಡಬೇಕು. ಅದಕ್ಕಾಗಿಯೇ ಅಲ್ವಾ ಜನ ಹೋಗುವುದು.

ಮೂರನೇ ರ‍್ಯಾಪಿಡ್‌ನ ನಡುವೆ ನೀರಿನಲ್ಲಿ ಮುಳುಗಿದ ದೊಡ್ಡ ಬಂಡೆಯಿದೆ. ಅದರ ಮೇಲಿಂದ ಧುಮುಕಿದ ನೀರು ತಳಕ್ಕೆ ಹೋಗಿ, ಮೇಲ್ಭಾಗದಲ್ಲಿ ಹಿಂದಕ್ಕೆ ಮಗುಚಿ ಬೀಳುತ್ತದೆ. ಗೈಡ್‌ಗಳು ಇದಕ್ಕೆ ಹೋಲ್ ಅನ್ನುತ್ತಾರೆ. ಮಾಮೂಲಿ ದಿನ ಅದರ ಎಡಕ್ಕೆ ದಾರಿ. ಅವತ್ತು ನೀರು ಜಾಸ್ತಿ ಇದ್ದು ಹೋಲ್ ಅಗಲವಾಗಿತ್ತು, ಎಡಕ್ಕೆ ಇನ್ನೂ ಬೇಗ ಸರಿಯಬೇಕಿತ್ತು. ಗೈಡ್ "ಫಾರ್ವರ್ಡ್" ಅಂತ ಕೂಗಿದ. ಎಡಗಡೆಯ ನಾವು ಮೂವರು ಹುಟ್ಟು ಹಾಕಿದೆವು. ಅದೇ ಹೊತ್ತಿಗೆ ಅಲೆಯೊಂದು ಬಲಗಡೆ ತಗ್ಗಾಯಿತು. ಆ ಕಡೆಯವರ ಪ್ಯಾಡಲ್‌ಗಳು ಗಾಳಿಗೆ ಬಿದ್ದವು. ರಾಫ್ಟ್‌ನ ಮೂತಿ ಬಲಕ್ಕೆ ತಿರುಗಿತು. ನಾವು ಅಡ್ಡಡ್ಡವಾಗಿ ಹೋಲ್‌ಗೆ ಇಳಿದೆವು.

ಆಗ ನೀರು ಬರುವ ಕಡೆಯ ಬದಿ ಕೆಳಗೆ ಹೋಗುತ್ತದೆ, ಇನ್ನೊಂದು ಬದಿ ಮೇಲೇಳುತ್ತದೆ. ಎಲ್ಲರೂ ಮೇಲೆದ್ದ ಬದಿಗೆ ಬೀಳಬೇಕು, ಇಲ್ಲದಿದ್ದರೆ ರಾಫ್ಟ್ ಮಗುಚುತ್ತದೆ. ಗೈಡ್ ಕೂಗಿದ. ಬಲಗಡೆ ಕೊನೆಯಲ್ಲಿದ್ದವರು ನಮ್ಮ ಕಡೆಗೆ ಹಾರಿದರು. ರಾಫ್ಟ್ ಮಗುಚಲಿಲ್ಲ. ಅಕ್ಕ ಮತ್ತು ಹುಡುಗ ಇರಲಿಲ್ಲ.

ಅಕ್ಕ ಎಷ್ಟು ಹೊತ್ತು ಮುಳುಗಿದ್ದಳೋ ನನಗೆ ಹೇಳಲು ಬರುವುದಿಲ್ಲ. ಬಿಳಿ ನೊರೆಯ ನೀರಿನಲ್ಲಿ ಗಾಳಿ ಬೆರೆತಿರುತ್ತದೆ. ಅದು ಹಗುರ, ಅದಕ್ಕೇ ಮನುಷ್ಯನನ್ನು ಅಷ್ಟು ಎತ್ತುವುದಿಲ್ಲ. ಜಾಕೆಟ್ ಇದ್ದರೂ ಒಂದು ಗಳಿಗೆ ಕೆಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಕೆಳಗಿನ ಸೆಳವು ಹೊರಗೆ ಉಗುಳುತ್ತದೆ. ಅಕ್ಕ ಹಾಗೇ ಹೊರಗೆ ಬಂದಳು. ಮೊದಲು ಕೆಂಪು ಹೆಲ್ಮೆಟ್ ಕಂಡಿತು. ಆಮೇಲೆ ಎರಡು ಹೆಬ್ಬೆರಳು ಕಂಡವು.

ಅವಳು ಬೆನ್ನ ಮೇಲೆ ಮಲಗಿದ್ದಳು. ಕಾಲು ಮುಂದಿತ್ತು. ಕಣ್ಣು ಮುಚ್ಚಿತ್ತು. ಗೈಡ್ ಎಸೆದ ಹಗ್ಗ ಅವಳ ಎದೆಯ ಮೇಲೆ ಬಿತ್ತು. ಎರಡೂ ಕೈಯಲ್ಲಿ ಹಿಡಿದಳು, ಎದೆಗೆ ಒತ್ತಿಕೊಂಡಳು. ಹಿಂದೆ ಕೂತವರು ಭುಜದ ಪಟ್ಟಿ ಹಿಡಿದು ಎಳೆದು ಒಳಗೆ ಹಾಕಿದರು. ಆಮೇಲೆ ಕೇಳಿದರೆ ಅವಳಿಗೆ ಏನೂ ನೆನಪಿಲ್ಲ. "ಮಡುವಲ್ಲಿ ಮಾಡಿದ್ದೆನಲ್ಲ, ಅದೇ ಆಯ್ತು" ಅಂದಳು.

ಹುಡುಗ ಅವಳಿಗಿಂತ ಮೊದಲೇ ಮೇಲೆ ಬಂದಿದ್ದ. ಪ್ಯಾಡಲ್ ಕೈಯಲ್ಲೇ ಇತ್ತು. ಸುತ್ತ ನೋಡಿದ, ಬಲದಂಡೆ ಹತ್ತಿರ ಕಂಡಿತು. ಒಂದು ಕೈಯಲ್ಲಿ ಪ್ಯಾಡಲ್ ಹಿಡಿದೇ ಅತ್ತ ಈಜಿದ. ಸುಳಿಯಿಂದ ಹೊರಗೆ ಬಂದ, ಅಲೆಗಳಿಂದ ಹೊರಗೆ ಬಂದ. ದಂಡೆಗೆ ಇನ್ನು ನಾಲ್ಕು ಮೀಟರ್. ಕಾಲಿಗೆ ತಳ ತಾಗಿತು. ಎದ್ದು ನಿಂತ.

ತೊಡೆಮಟ್ಟದ ನೀರು

ದಂಡೆಯ ಹತ್ತಿರದ ಆ ನೀರಿನಲ್ಲಿ ನೊರೆಯಿಲ್ಲ, ಸದ್ದಿಲ್ಲ. ನೋಡಿದರೆ ದಾಟಬಹುದು ಅನ್ನಿಸುತ್ತದೆ. ಆದರೆ ಅದು ನಿಧಾನ ಓಟದ ವೇಗದಲ್ಲಿ ಹರಿಯುತ್ತಿತ್ತು. ಒಂದು ಘನ ಮೀಟರ್ ನೀರು 1,000 ಕಿಲೋ ತೂಗುತ್ತದೆ. ಹರಿಯುವ ವೇಗ ಎರಡು ಪಟ್ಟಾದರೆ ಅದು ದೂಡುವ ಬಲ ನಾಲ್ಕು ಪಟ್ಟಾಗುತ್ತದೆ. ತೇಲುತ್ತಿರುವವನನ್ನು ನೀರು ತನ್ನ ಜೊತೆ ಒಯ್ಯುತ್ತದೆ, ದೂಡುವುದಿಲ್ಲ. ನಿಂತವನನ್ನು ಮಾತ್ರ ಪೂರ್ತಿ ಬಲದಿಂದ ದೂಡುತ್ತದೆ.

ಹುಡುಗನ ಬಲಗಾಲು ಎರಡು ಕಲ್ಲುಗಳ ಸಂದಿಗೆ ಜಾರಿತು. ಕಾಲು ಅಲ್ಲೇ ಉಳಿಯಿತು, ಮೈ ಮುಂದಕ್ಕೆ ಹೋಯಿತು. ಮುಖ ನೀರಿಗೆ ಬಿತ್ತು. ಇಂಥ ಕಡೆ ಮುಗಿದೇ ಹೋಗಬಹುದು. ಬೆನ್ನ ಮೇಲೆ ಬರುವ ನೀರು ಮನುಷ್ಯನನ್ನು ಬಗ್ಗಿಸಿ ಹಿಡಿದುಬಿಟ್ಟರೆ ಎಂಥ ಈಜುಗಾರನೂ ಏಳಲಾರ. ಜಾಕೆಟ್‌ನ 7 ಕಿಲೋ ಅಲ್ಲಿ ಏನೂ ಅಲ್ಲ.

ಅವನನ್ನು ಉಳಿಸಿದ್ದು ಪ್ಯಾಡಲ್. ಬಿಡಬೇಡಿ ಎಂದಿದ್ದ ಆ ಒಂದು ಮಾತನ್ನು ಅವನು ಪಾಲಿಸಿದ್ದ. ಪ್ಯಾಡಲ್ ಅನ್ನು ಮುಂದೆ ತಳಕ್ಕೆ ಊರಿ, ಎರಡೂ ಕೈಯಲ್ಲಿ ಒತ್ತಿ ಹಿಡಿದು, ಮುಖವನ್ನು ನೀರಿನ ಮೇಲೆ ತಂದ. ಊರುಗೋಲು ಹಿಡಿದ ಮುದುಕನ ಹಾಗೆ ಬಾಗಿ ನಿಂತ. ಕೈ ನಡುಗುತ್ತಿದ್ದುದು ಅಷ್ಟು ದೂರದಿಂದಲೂ ಕಾಣುತ್ತಿತ್ತು.

ಹಿಂದಿನ ರಾಫ್ಟ್ ರ‍್ಯಾಪಿಡ್‌ನ ಮೇಲೆ, ದಂಡೆಯ ನಿಂತ ನೀರಿನಲ್ಲಿ ಕಾಯುತ್ತಿತ್ತು. ಅದರ ಗೈಡ್ ದಂಡೆಗೆ ಹಾರಿ ಓಡಿ ಬಂದ. ಕೆಳಗೆ ಒಂಟಿ ದೋಣಿಯಲ್ಲಿ ಕಾವಲಿಗಿದ್ದ ಕಯಾಕ್‌ನವನು ದಂಡೆಗೆ ಬಂದು ಮೇಲಕ್ಕೆ ಓಡಿದ. ಇಬ್ಬರೂ ಹುಡುಗನಿಗಿಂತ ಸ್ವಲ್ಪ ಮೇಲೆ ನೀರಿಗೆ ಇಳಿದರು. ಮುಂದಿನವನು ಪ್ಯಾಡಲ್ ಊರಿಕೊಂಡು, ಹಿಂದಿನವನು ಅವನ ಜಾಕೆಟ್ ಒತ್ತಿ ಹಿಡಿದು, ಒಬ್ಬರ ಹಿಂದೆ ಒಬ್ಬರು ಹೆಜ್ಜೆ ಹೆಜ್ಜೆಯಾಗಿ ಬಂದರು. ಹುಡುಗನ ಬೆನ್ನ ಹಿಂದೆ ಬಂದು ನಿಂತ ಕೂಡಲೇ ನೀರು ಅವರಿಗೆ ಬಡಿದು ಎರಡು ಕಡೆ ಸೀಳಿತು. ಅವರ ಮರೆಯಲ್ಲಿ ಸೆಳವು ಕಮ್ಮಿಯಾಯಿತು. ಕಾಲನ್ನು ಮುಂದಕ್ಕೆ ಎಳೆಯಬೇಡ, ಬಂದ ದಾರಿಯಲ್ಲೇ ಹಿಂದಕ್ಕೆ ತೆಗಿ ಅಂದರು. ಶೂ ಅಲ್ಲೇ ಉಳಿಯಿತು. ಕಾಲು ಹೊರಗೆ ಬಂತು.

ಹೆಚ್ಚೆಂದರೆ ಮೂರು ನಿಮಿಷ.

ರಾಫ್ಟ್‌ನಲ್ಲಿ ಉಳಿದವರು

ಈ ಭಾಗವನ್ನು ಬರೆಯುವುದು ನನಗೆ ಕಷ್ಟ. ಆದರೆ ಪ್ರಕರಣ ಪೂರ್ತಿಯಾಗಬೇಕಾದರೆ ಇದು ಬೇಕು.

ಅಕ್ಕ ಒಳಗೆ ಬಂದ ಮೇಲೆ ಗೈಡ್ "ಫಾರ್ವರ್ಡ್" ಅಂತ ಕೂಗಿದ. ಮೂರು ಸಲ ಕೂಗಿದ. ಬಲಗಡೆ ಒಂದು ಬಂಡೆಯ ಮರೆಯಲ್ಲಿ ನಿಂತ ನೀರಿತ್ತು. ಅಲ್ಲಿಗೆ ರಾಫ್ಟ್ ಸೇರಿಸಿದರೆ ಅವನೂ ದಂಡೆಗೆ ಹಾರಿ ಓಡಬಹುದಿತ್ತು. ನಾನು ಹುಟ್ಟು ಹಾಕಲಿಲ್ಲ. ಪ್ಯಾಡಲ್ ತೊಡೆಯ ಮೇಲಿತ್ತು. ಹಿಂದಕ್ಕೆ ತಿರುಗಿ ಹುಡುಗನನ್ನೇ ನೋಡುತ್ತಿದ್ದೆ. ಉಳಿದವರೂ ಅದನ್ನೇ ಮಾಡುತ್ತಿದ್ದರು. ಗೈಡ್ ಒಬ್ಬನೇ ಅಷ್ಟು ದೊಡ್ಡ ರಾಫ್ಟ್ ತಿರುಗಿಸಲಾರ. ನಾವು ಆ ಜಾಗ ದಾಟಿ ಕೆಳಗೆ ಹೋದೆವು. ಅವತ್ತು ಬೇರೆ ಇಬ್ಬರು ಹತ್ತಿರದಲ್ಲಿದ್ದರು. ಇರದಿದ್ದರೆ ಆ ಒಂದು ಬಂಡೆಯ ಮರೆಯೇ ಅವನ ಪಾಲಿನ ಎಲ್ಲವೂ ಆಗಿರುತ್ತಿತ್ತು.

ಮಡುವಿನಲ್ಲಿ ನಾವು ಬೀಳುವುದನ್ನು ಕಲಿತೆವು. ಬಿದ್ದವರನ್ನು ಬಿಟ್ಟು ಉಳಿದವರು ಏನು ಮಾಡಬೇಕು ಅಂತ ಬಾಯಲ್ಲಿ ಹೇಳಿದ್ದನ್ನು ಕೇಳಿದೆವು. ಕೇಳಿದ್ದು ನೀರಿಗೆ ಹೋಯಿತು. ಅಕ್ಕನ ಮೈ ಮಾತ್ರ ಮೂರು ಸಲ ಮಾಡಿದ್ದನ್ನು ನಾಲ್ಕನೇ ಸಲ ಮಾಡಿತು. ಹುಡುಗನ ಮೈ ವರ್ಷಗಟ್ಟಲೆ ಮಾಡಿದ್ದನ್ನೇ ಮಾಡಿತು: ದಂಡೆಯ ಕಡೆ ಈಜು, ತಳ ಸಿಕ್ಕಿದರೆ ನಿಲ್ಲು. ಈಜುಕೊಳದಲ್ಲಿ ಅದು ಸರಿ. ಅವನ ಈಜು ಅವನಿಗೆ ಉಪಯೋಗವಾಗಲಿಲ್ಲ ಅಂತ ನಾನು ಹೇಳುತ್ತಿಲ್ಲ. ಅಲೆಗಳಿಂದ ಅಷ್ಟು ಬೇಗ ಹೊರಗೆ ಬಂದಿದ್ದು ಈಜಿನಿಂದಲೇ. ಕೊನೆಯ ನಾಲ್ಕು ಮೀಟರನ್ನು ತೇಲಿಕೊಂಡೇ ಹೋಗಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ.

ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಹತ್ತೊಂಬತ್ತರ ಹುಡುಗ. ಈಜು ಬರುತ್ತೆ ಅಂದವನಿಗೆ ಒಂದೇ ಸಲ ಸಾಕು ಅಂತ ಬಿಟ್ಟಿದ್ದು ದೊಡ್ಡವರು. ಫಾರಂನ ಆ ಪ್ರಶ್ನೆ ಅವನಿಗೆ ಮೊದಲೇ ಪಾಸ್ ಕೊಟ್ಟಿತ್ತು. ನಾವು ಹೋದ ಸಂಸ್ಥೆಗೆ ನಾನು ಇದನ್ನು ಬರೆದು ತಿಳಿಸಿದ್ದೇನೆ. ಈಜು ಬಲ್ಲವರಿಗೆ ಮಡುವಿನ ಪಾಠ ಒಂದು ಸಲ ಜಾಸ್ತಿ ಇರಲಿ ಅಂತ ಕೇಳಿದ್ದೇನೆ.

ಗೈಡ್ ದಂಡೆಯಲ್ಲಿ ಹುಡುಗನ ಕಾಲಿಗೆ ಪಟ್ಟಿ ಕಟ್ಟುತ್ತಾ ಒಂದು ಮಾತು ಹೇಳಿದ. "ಆಳ ಇದ್ರೆ ಯಾರೂ ನಿಲ್ಲೋಕೆ ಹೋಗಲ್ಲಮ್ಮ. ನಿಲ್ಲಬಹುದು ಅನ್ನಿಸೋ ಕಡೆನೇ ಕಾಲು ಸಿಕ್ಕಿಕೊಳ್ಳೋದು."

ಆಮೇಲೆ

ಪ್ರವಾಸ ಅಲ್ಲಿಗೇ ನಿಂತಿತು. ಕಣಕಾಲು ಉಳುಕಿತ್ತು, ಚರ್ಮ ಕಿತ್ತುಬಂದಿತ್ತು, ಮೂಳೆ ಮುರಿದಿರಲಿಲ್ಲ. ಗಾಯವನ್ನು ಅಲ್ಲೇ ಶುದ್ಧ ನೀರು, ಸೋಪಿನಿಂದ ತೊಳೆದರು. ಮಾರನೇ ದಿನ ವೈದ್ಯರು ಎಕ್ಸ್‌ರೇಗಿಂತ ಮೊದಲು ಕೇಳಿದ್ದು ಯಾವ ನೀರು ಅಂತ. ಮಳೆ ಬಂದ ಮೇಲೆ ಉಷ್ಣವಲಯದ ನದಿಗೆ ಇಲಿ ಮತ್ತು ಬೇರೆ ಪ್ರಾಣಿಗಳ ಮೂತ್ರ ತೊಳೆದು ಬರುತ್ತದೆ. ಅದರಿಂದ ಬರುವ ಇಲಿಜ್ವರದ ರೋಗಾಣು ಗಾಯದ ಮೂಲಕ, ಕಣ್ಣು ಬಾಯಿಯ ಮೂಲಕ ಒಳಗೆ ಹೋಗುತ್ತದೆ. 2000ನೇ ಇಸವಿಯಲ್ಲಿ ಮಲೇಷಿಯಾದ ಸಬಾದಲ್ಲಿ ನಡೆದ ಇಕೋ ಚಾಲೆಂಜ್ ಸಾಹಸ ಸ್ಪರ್ಧೆಯ ನಂತರ ಇದು ದೊಡ್ಡದಾಗಿ ಕಾಣಿಸಿಕೊಂಡಿತ್ತು. ವಿಚಾರಿಸಿದ 189 ಸ್ಪರ್ಧಿಗಳಲ್ಲಿ 80 ಜನರಲ್ಲಿ ಅದರ ಲಕ್ಷಣಗಳಿದ್ದವು. ಸೆಗಾಮಾ ನದಿಯಲ್ಲಿ ಈಜಿದವರಿಗೆ ಅಪಾಯ ಜಾಸ್ತಿ ಇತ್ತು ಅಂತ ಕಂಡುಬಂತು. ಜ್ವರ ಮರುದಿನವೇ ಬರುವುದಿಲ್ಲ, ಒಂದೆರಡು ವಾರ ಹಿಡಿಯಬಹುದು, ತಿಂಗಳವರೆಗೂ ಆಗಬಹುದು. ಅಷ್ಟು ಹೊತ್ತಿಗೆ ಜನ ನದಿಯನ್ನೇ ಮರೆತಿರುತ್ತಾರೆ, ವೈದ್ಯರಿಗೆ ಹೇಳುವುದಿಲ್ಲ. ನಾವು ಒಂದು ತಿಂಗಳು ಎಣಿಸಿದೆವು. ಅಕ್ಕನಿಗೂ ಜ್ವರ ಬರಲಿಲ್ಲ, ಹುಡುಗನಿಗೂ ಬರಲಿಲ್ಲ.

ಮತ್ತೆ ಹೋಗೋಣ ಅಂದಿದ್ದು ಅಕ್ಕ. ನೀರು ಬಿಳಿ ಗೆರೆಗಿಂತ ಕೆಳಗೆ ಇಳಿದ ಮೇಲೆ ಹೋದೆವು. ಮಡುವಿನಲ್ಲಿ ಹುಡುಗ ಯಾರೂ ಹೇಳದೆ ಐದು ಸಲ ಹಾರಿದ. ಪ್ರತಿ ಸಲವೂ ಬೆನ್ನು ಕಲ್ಲಿಗೆ ಉಜ್ಜುವ ತನಕ ತೇಲಿ, ಆಮೇಲೆ ಎದ್ದ. "ಚಿಕ್ಕಮ್ಮ, ಹೆಬ್ಬೆರಳು ಕಾಣ್ತಾ?" ಅಂತ ಕೂಗಿದ. ಕಂಡಿತು ಅಂದೆ.

ಆಮೇಲೆ ನಾನು ಗೈಡ್‌ಗೆ ಒಂದು ಕೇಳಿಕೊಂಡೆ. ಯಾರನ್ನಾದರೂ ನೀರಿಗೆ ಬೀಳಿಸಿ, ಉಳಿದವರ ಹತ್ತಿರ ಹುಟ್ಟು ಹಾಕಿಸಿ ಅಂತ. ಅಕ್ಕ ನಾನೇ ಬೀಳ್ತೀನಿ ಅಂದಳು. ನನ್ನ ಬೆನ್ನ ಹಿಂದೆ ದುಡುಂ ಅಂತ ಸದ್ದಾಯಿತು. ಗೈಡ್ "ಫಾರ್ವರ್ಡ್" ಅಂದ. ಮೊದಲ ಸಲ ತಲೆ ತಿರುಗಿಯೇ ಬಿಟ್ಟಿತು. ಎರಡನೇ ಸಲವೂ ತಿರುಗಿತು. ಮೂರನೇ ಸಲ ದಂಡೆಯನ್ನೇ ನೋಡುತ್ತಾ ಹುಟ್ಟು ಹಾಕಿದೆ. ಹಿಂದಿನಿಂದ ಅಕ್ಕ ಕೆಮ್ಮುವುದು ಕೇಳುತ್ತಿತ್ತು. ರಾಫ್ಟ್ ದಂಡೆಗೆ ತಾಗುವ ತನಕ ನಾನು ತಿರುಗಲಿಲ್ಲ.